ಕೊಲ್ಲುವುದು ಮರಳುಗಾಡು ಮಾತ್ರವಲ್ಲ



ವಲಸಿಗರ ಸಾವು ಎಂದೊಡನೆ ನಮಗೆ ನೆನಪಾಗುವುದು ಮೆಡಿಟರೇನಿಯನ್ ಸಮುದ್ರದಲ್ಲಿ ಮಗುಚಿದ ದೋಣಿಗಳು. ಆ ಕಡಲನ್ನು ಕಾಣುವ ಮುನ್ನವೇ ಸಹಾರಾದ ಮರಳಿನಲ್ಲಿ ಅಸುನೀಗಿದವರು ಎಷ್ಟೆಂಬ ಪೂರ್ಣ ಲೆಕ್ಕ ಯಾರಲ್ಲಿಯೂ ಇಲ್ಲ.

2013ರ ಅಕ್ಟೋಬರ್‌ನಲ್ಲಿ ನೈಜರ್ ದೇಶದಲ್ಲಿ, ಅಲ್ಜೀರಿಯಾದ ಗಡಿಗೆ ಸಮೀಪ, 92 ಶವಗಳು ಪತ್ತೆಯಾದವು. 52 ಮಕ್ಕಳು, 33 ಮಹಿಳೆಯರು, 7 ಪುರುಷರು. ಅವರು ಹೊರಟಿದ್ದ ಟ್ರಕ್ಕುಗಳು ಕೆಟ್ಟು ನಿಂತಿದ್ದವು. ನೀರನ್ನರಸಿ ನಡೆದವರು ಅಲ್ಲಲ್ಲಿ ಬಿದ್ದು ಬಾಯಾರಿಕೆಯಿಂದ ಸತ್ತಿದ್ದರು.

ಈ ಪ್ರಯಾಣದ ಕ್ರಮವನ್ನು ತಿಳಿದರೆ ಅಪಾಯ ಅರ್ಥವಾಗುತ್ತದೆ. ನೈಜರ್‌ನ ಅಗಾಡೆಝ್ ನಗರದಿಂದ ಲಿಬಿಯಾದ ಕಡೆಗೆ ಒಂದೊಂದು ಪಿಕಪ್ ವಾಹನದಲ್ಲಿ ಇಪ್ಪತ್ತೈದು ಮೂವತ್ತು ಜನ. ಸಾಮಾನಿನ ನಡುವೆ ಸಿಕ್ಕಿಸಿದ ಕೋಲೊಂದೇ ಅವರಿಗೆ ಆಸರೆ. ಕೆಳಗೆ ಬಿದ್ದವನಿಗಾಗಿ ವಾಹನ ನಿಲ್ಲುತ್ತದೆಂಬ ಭರವಸೆಯಿಲ್ಲ. ಕ್ಯಾನುಗಳಲ್ಲಿ ತುಂಬಿಕೊಂಡ ನೀರು ಮುಗಿದರೆ ಆಯುಷ್ಯವೂ ಮುಗಿದಂತೆ.

ಹಾಗಾದರೆ ಮರುಭೂಮಿಯೇ ಕೊಲೆಗಾರನೇ? 2015ರಲ್ಲಿ ನೈಜರ್ ಸರಕಾರವು ವಲಸಿಗರ ಸಾಗಾಟವನ್ನು ಅಪರಾಧವೆಂದು ಸಾರುವ ಕಾನೂನು ತಂದಿತು. ಯುರೋಪಿಯನ್ ಒಕ್ಕೂಟವು ಅದರ ಬೆನ್ನಿಗೆ ನಿಂತಿತು. ಚಾಲಕರನ್ನು ಬಂಧಿಸಲಾಯಿತು, ವಾಹನಗಳನ್ನು ಮುಟ್ಟುಗೋಲು ಹಾಕಲಾಯಿತು. ಪರಿಣಾಮವೇನು? ಪ್ರಯಾಣ ನಿಲ್ಲಲಿಲ್ಲ. ಬಾವಿಗಳಿರುವ ರೂಢಿಯ ಹಾದಿಯನ್ನು ತೊರೆದು ನಿರ್ಜನ ದಾರಿಯಲ್ಲಿ ಸಾಗತೊಡಗಿತು. ಗಸ್ತು ವಾಹನ ಕಂಡರೆ ಚಾಲಕನು ಪ್ರಯಾಣಿಕರನ್ನು ಅಲ್ಲಿಯೇ ಬಿಟ್ಟು ಪರಾರಿಯಾಗುವುದೂ ಉಂಟು. ಆ ಕಾನೂನು ರದ್ದಾದದ್ದು 2023ರ ನವೆಂಬರ್‌ನಲ್ಲಿ.

ಇಲ್ಲಿ ಯುರೋಪನ್ನು ದೂರುವುದು ಸುಲಭ. ದೂರಬೇಕಾದದ್ದೂ ನ್ಯಾಯವೇ. ಆದರೆ ಮುಸ್ಲಿಮ್ ರಾಷ್ಟ್ರಗಳ ಪಾತ್ರವನ್ನು ಮರೆಮಾಚುವುದು ನ್ಯಾಯವಲ್ಲ. ಅಲ್ಜೀರಿಯಾವು ತಾನು ಹಿಡಿದ ವಲಸಿಗರನ್ನು ಗಡಿಯ ಮರುಭೂಮಿಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಅಸ್ಸಮಕ್ಕಾ ಎಂಬ ಹಳ್ಳಿಗೆ ಅವರು ಸುಮಾರು 15 ಕಿಲೋಮೀಟರ್ ನಡೆಯಬೇಕು. 2024ರಲ್ಲಿ ಹೀಗೆ ನೈಜರ್‌ಗೆ ಹೊರದಬ್ಬಲ್ಪಟ್ಟವರು 31 ಸಾವಿರಕ್ಕೂ ಅಧಿಕ. 2023ರ ಜುಲೈಯಲ್ಲಿ ಟುನೀಶಿಯಾವು ನೂರಾರು ಕಪ್ಪು ಆಫ್ರಿಕನ್ನರನ್ನು ಲಿಬಿಯಾ ಗಡಿಯ ಬಿಸಿಲಿಗೆ ಅಟ್ಟಿತು. ಅಲ್ಲಿ ಅಕ್ಕಪಕ್ಕ ಸತ್ತುಬಿದ್ದಿದ್ದ ತಾಯಿ ಮಗಳ ಚಿತ್ರವನ್ನು ಜಗತ್ತೇ ನೋಡಿತು. ಅದೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟವು ವಲಸೆ ತಡೆಯ ವಿಚಾರದಲ್ಲಿ ಆ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು.

ಮಕ್ಕಾದ ಹಿಂಸೆಯಿಂದ ಪಾರಾಗಿ ಬಂದ ಮೊದಲ ಮುಸ್ಲಿಮರಿಗೆ ಆಶ್ರಯ ನೀಡಿದವರು ಆಫ್ರಿಕಾದ ಕ್ರೈಸ್ತ ದೊರೆ ನಜ್ಜಾಶಿ. ಮುಸ್ಲಿಮರನ್ನು ಒಪ್ಪಿಸಿರೆಂದು ಕುರೈಶರು ಉಡುಗೊರೆಗಳೊಂದಿಗೆ ಬಂದರೂ ಅವರು ಮಣಿಯಲಿಲ್ಲ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ದಾರಿಹೋಕನೂ ಒಬ್ಬನೆಂದು ನಾವು ಮದ್ರಸದಲ್ಲಿಯೇ ಕಲಿತಿದ್ದೇವೆ. ಆ ಇತಿಹಾಸದ ವಾರಸುದಾರರು ಇಂದು ಆಫ್ರಿಕಾದ ಮಕ್ಕಳನ್ನು ನೀರಿಲ್ಲದ ಕಡೆಗೆ ಅಟ್ಟುತ್ತಿರುವುದು ಎಂಥ ವಿಪರ್ಯಾಸ!

ಅಗಾಡೆಝ್ ಮತ್ತು ಅಸ್ಸಮಕ್ಕಾದಲ್ಲಿ ಕೆಲವು ಸಾಮಾನ್ಯ ಜನರು ದಾರಿ ತಪ್ಪಿದವರನ್ನು ಹುಡುಕಿ ಕರೆತರುತ್ತಿದ್ದಾರೆ. ಗಲ್ಫ್‌ನ ದುಡಿಮೆಯಿಂದ ಒಲೆ ಉರಿಯುವ ಮನೆಗಳು ನಮ್ಮಲ್ಲಿಯೂ ಬಹಳಷ್ಟಿವೆ. ಅನ್ನಕ್ಕಾಗಿ ಊರು ಬಿಡುವವನ ಸಂಕಟ ನಮಗೆ ಅಪರಿಚಿತವಲ್ಲ. ಆದ್ದರಿಂದ ಅನ್ಯಾಯವನ್ನು ಅಳೆಯುವ ನಮ್ಮ ತಕ್ಕಡಿ ಒಂದೇ ಆಗಿರಲಿ, ಅನ್ಯಾಯ ಎಸಗಿದವರು ಪರರಿರಲಿ, ನಮ್ಮವರೇ ಇರಲಿ.