ಸ್ಪ್ರಿಂಗಿನ ಹದ

ಕನ್ನಡ ಪಂಡಿತನಿಗೂ ಆಟದ ಕಾರಿನ ಸ್ಪ್ರಿಂಗಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಕಳೆದ ಬೇಸಗೆಯವರೆಗೆ ನನಗೂ ಆ ಸಂಬಂಧ ತಿಳಿದಿರಲಿಲ್ಲ. ಒಬ್ಬ ಹುಡುಗನಿಗೆ ನಾನು ಕೊಟ್ಟ ತಪ್ಪು ಸಲಹೆಯೇ ಈ ಭಾಷಣಕ್ಕೆ ಕಾರಣ.

ಕೋಲಾರದ ಸಮೀಪ ನೀರು ಬತ್ತಿದ ಒಂದು ಕೆರೆಯಂಗಳದಲ್ಲಿ ರಜೆಯ ದಿನಗಳಲ್ಲಿ ಹುಡುಗರು ರಿಮೋಟ್ ಕಾರು ಓಡಿಸುತ್ತಾರೆ. ಇವು ಅಂಗಡಿಯ ಸಾಮಾನ್ಯ ಆಟಿಕೆಗಳಲ್ಲ. ಮೊಳದಷ್ಟು ಉದ್ದ, ಸುಮಾರು ಒಂದೂವರೆ ಕಿಲೋ ತೂಕ. ನಾಲ್ಕು ಚಕ್ರಕ್ಕೂ ದೊಡ್ಡ ಕಾರಿನಂತೆಯೇ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು, ಅದರ ಸುತ್ತ ಒಂದು ಸ್ಪ್ರಿಂಗು. ನನ್ನ ತರಗತಿಯ ಹುಡುಗನೊಬ್ಬ ಹಬ್ಬಹರಿದಿನಗಳಲ್ಲಿ ಹಿರಿಯರು ಕೊಟ್ಟ ಕಾಸನ್ನು ಎರಡು ವರ್ಷ ಕೂಡಿಟ್ಟು, ಯಾರೋ ಬಳಸಿದ ಕಾರೊಂದನ್ನು ಕೊಂಡಿದ್ದ. ಅದರ ಜೊತೆಗೆ ಮೂರು ಬಗೆಯ ಸ್ಪ್ರಿಂಗುಗಳಿದ್ದವು. “ಸಾರ್, ಯಾವುದು ಹಾಕ್ಲಿ?” ಎಂದ. ನಾನು ಕೈಯಲ್ಲಿ ಒತ್ತಿ ನೋಡಿ, “ಗಟ್ಟಿಯದೇ ಹಾಕಪ್ಪ, ಗಟ್ಟಿ ಇದ್ದದ್ದು ಬಾಳಿಕೆ ಬರುತ್ತೆ” ಎಂದೆ. ಮಾರನೆಯ ದಿನ ಆ ಕಾರು ಹೆಂಟೆಗಳ ಮೇಲೆ ಕಪ್ಪೆಯಂತೆ ಎಗರಿ, ಮಗುಚಿ, ಮುಂದಿನ ಚಕ್ರದ ತೋಳು ಮುರಿಯಿತು. ಹುಡುಗ “ಪರವಾಗಿಲ್ಲ ಸಾರ್” ಎಂದನೇ ಹೊರತು ಮತ್ತೇನೂ ಆಡಲಿಲ್ಲ. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ನನ್ನ ಹಳೆಯ ಶಿಷ್ಯನೊಬ್ಬ ಗ್ಯಾರೇಜು ಇಟ್ಟಿದ್ದಾನೆ. ಅವನಲ್ಲಿಗೆ ಹೋಗಿ ಈ ಬಾರಿ ನಾನು ವಿದ್ಯಾರ್ಥಿಯಾದೆ. ಅವನು ಮೊದಲು ತೋರಿಸಿದ್ದು ರಸ್ತೆಯಲ್ಲಿ ಹೋಗುತ್ತಿದ್ದ ಟೊಮೆಟೊ ಲಾರಿಯನ್ನು. “ನೋಡಿ ಸಾರ್, ಮಾರ್ಕೆಟ್ಟಿಗೆ ಖಾಲಿ ಬರೋವಾಗ ಕುಣೀತಾ ಬರುತ್ತೆ; ಕ್ರೇಟು ತುಂಬಿಕೊಂಡು ಹೋಗೋವಾಗ ಮೆತ್ತಗೆ ಹೋಗುತ್ತೆ. ಕಮಾನು ಪಟ್ಟಿ ಅದೇ, ಬದಲಾಗಿದ್ದು ಭಾರ.” ಸ್ಪ್ರಿಂಗು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಅದು ಹೊರುವ ಭಾರಕ್ಕೂ ಓಡುವ ನೆಲಕ್ಕೂ ಹದವಾಗಿರಬೇಕು.

ಸ್ಪ್ರಿಂಗಿನ ಕೆಲಸವಾದರೂ ಏನು? ಚಕ್ರ ಕಲ್ಲಿನ ಮೇಲೆ ಹತ್ತಿದಾಗ ತಾನು ಕುಗ್ಗಿ, ಕಾರಿನ ಮೈಯನ್ನು ಮೇಲಕ್ಕೆ ಎಸೆಯದಂತೆ ನೋಡಿಕೊಳ್ಳುವುದು; ಕಲ್ಲು ದಾಟಿದೊಡನೆ ಚಕ್ರವನ್ನು ಮತ್ತೆ ನೆಲಕ್ಕೆ ಒತ್ತುವುದು. ನೆಲ ಬಿಟ್ಟ ಚಕ್ರ ಕಾರನ್ನು ಮುಂದಕ್ಕೂ ನೂಕದು, ಪಕ್ಕಕ್ಕೂ ತಿರುಗಿಸದು. ಸ್ಪ್ರಿಂಗು ಅತಿ ಗಟ್ಟಿಯಾದರೆ ಕಾರು ಎಗರುತ್ತದೆ. ಅತಿ ಮೆದುವಾದರೆ ಹೊಟ್ಟೆ ನೆಲಕ್ಕೆ ಬಡಿಯುತ್ತದೆ, ತಿರುವಿನಲ್ಲಿ ಕಾರು ವಾಲುತ್ತದೆ. ಹೊಟ್ಟೆ ನೆಲಕ್ಕೆ ಬಡಿಯದಷ್ಟು ಮೆದು, ಅದೇ ಒರಟು ನೆಲಕ್ಕೆ ಸರಿಯಾದ ಆರಂಭ.

ಈ ಹದವನ್ನು ಅಳೆಯಲು ಬರುತ್ತದೆ. ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ 1678ರಲ್ಲಿ ವಿವರಿಸಿದ ನಿಯಮದಂತೆ, ಒಂದು ಮಿತಿಯೊಳಗೆ ಭಾರ ಇಮ್ಮಡಿಯಾದರೆ ಸ್ಪ್ರಿಂಗು ಕುಗ್ಗುವುದೂ ಇಮ್ಮಡಿಯಾಗುತ್ತದೆ. ಸ್ಪ್ರಿಂಗನ್ನು ನೆಟ್ಟಗೆ ನಿಲ್ಲಿಸಿ, ವಾಲದಂತೆ ನೋಡಿಕೊಂಡು 500 ಗ್ರಾಂ ಬಟ್ಟನ್ನು ಇಡಿ. 10 ಮಿಲಿಮೀಟರ್ ಕುಗ್ಗಿದರೆ ಅದರ ಬಿಗಿ ಮಿಲಿಮೀಟರಿಗೆ 50 ಗ್ರಾಂ. ತಯಾರಕರು ಬಿಗಿಯನ್ನು ಸೂಚಿಸಲು ಬಣ್ಣ ಹಚ್ಚುವುದುಂಟು. ಆದರೆ ಒಬ್ಬರ ಕೆಂಪು ಇನ್ನೊಬ್ಬರ ಕೆಂಪಲ್ಲ. ಆದುದರಿಂದ ಬಣ್ಣಕ್ಕಿಂತ ತಕ್ಕಡಿಯ ಬಟ್ಟನ್ನು ನಂಬುವುದು ಮೇಲು.

ತಂತಿಯ ದಪ್ಪದ ಮಹಿಮೆ ನನ್ನನ್ನು ಬೆರಗುಗೊಳಿಸಿತು. ಬೇರೆಲ್ಲ ಒಂದೇ ಆಗಿದ್ದು ತಂತಿ ಮಾತ್ರ ಎರಡರಷ್ಟು ದಪ್ಪವಾದರೆ ಬಿಗಿ 16 ಪಟ್ಟು! ಸುರುಳಿಯ ಅಗಲ ಎರಡರಷ್ಟಾದರೆ ಬಿಗಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಸುತ್ತುಗಳು ಎರಡರಷ್ಟಾದರೆ ಅರ್ಧಕ್ಕೆ. ಸ್ಪ್ರಿಂಗು ಗಟ್ಟಿಯಾಯಿತೆಂದು ಕೆಲವರು ಒಂದೆರಡು ಸುತ್ತು ಕತ್ತರಿಸುತ್ತಾರೆ. ಕಾರು ತಗ್ಗುತ್ತದೆ ನಿಜ, ಆದರೆ ಉಳಿದ ತುಂಡು ಮೊದಲಿಗಿಂತ ಗಟ್ಟಿಯಾಗಿರುತ್ತದೆ.

ಇನ್ನೊಂದು ಭ್ರಮೆ ಶಾಕಿನ ಮೇಲಿನ ತಿರುಗುವ ಉಂಗುರದ್ದು. ಬೈಕಿನ ಹಿಂದೆ ಯಾರಾದರೂ ಕೂರುವಾಗ ಶಾಕಿನ ಮೆಟ್ಟಿಲು ಉಂಗುರವನ್ನು ತಿರುಗಿಸುವುದು ತಮಗೆ ಗೊತ್ತು. 2013ರಿಂದ ನರಸಾಪುರದ ಹೋಂಡಾ ಕಾರ್ಖಾನೆಯಲ್ಲಿ ದ್ವಿಚಕ್ರ ವಾಹನಗಳು ತಯಾರಾಗುತ್ತಿರುವ ನಮ್ಮ ಜಿಲ್ಲೆಯಲ್ಲಿಯೂ ಅದರಿಂದ ಸ್ಪ್ರಿಂಗು ಗಟ್ಟಿಯಾಗುತ್ತದೆಂದು ನಂಬುವವರೇ ಹೆಚ್ಚು. ಸ್ಪ್ರಿಂಗಿನ ಬಿಗಿ ಬದಲಾಗದು. ತಗ್ಗಿದ ವಾಹನ ಮತ್ತೆ ಮೇಲೇಳುತ್ತದೆ, ಅಷ್ಟೆ. ಪುಟ್ಟ ಕಾರಿನಲ್ಲಿಯೂ ಹಾಗೆಯೇ.

ಕುಗ್ಗಿದ ಸ್ಪ್ರಿಂಗು ಪಡೆದ ಶಕ್ತಿಯನ್ನು ಹಿಂದಕ್ಕೆ ಕೊಡುತ್ತದೆ. ತಡೆಯುವವರಿಲ್ಲದಿದ್ದರೆ ಕುಣಿಯುತ್ತಲೇ ಇರುತ್ತದೆ. ಶಾಕಿನೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುತ್ತ ಆ ಶಕ್ತಿಯನ್ನು ಶಾಖವಾಗಿಸುತ್ತದೆ. ಸ್ಪ್ರಿಂಗನ್ನು ಗಟ್ಟಿ ಮಾಡಿದರೆ ಎಣ್ಣೆಯನ್ನೂ ತುಸು ಮಂದ ಮಾಡಬೇಕು. ಗೇಣು ಎತ್ತರದಿಂದ ಕಾರನ್ನು ಬಿಟ್ಟು ನೋಡಿ: ಪುಟಿಯದೆ, ಹೊಟ್ಟೆ ಬಡಿಯದೆ ಕುಳಿತರೆ ಎಣ್ಣೆಯೂ ಸ್ಪ್ರಿಂಗೂ ಬಹುಮಟ್ಟಿಗೆ ಹೊಂದಿವೆ. ಮಧ್ಯಾಹ್ನದ ಬಿಸಿಲಿಗೆ ಎಣ್ಣೆ ತೆಳುವಾಗುವುದರಿಂದ ಬೆಳಗಿನ ಹದ ಆಗ ಇರದು.

ಮುಂದಿನ ಸ್ಪ್ರಿಂಗಿಗೂ ಹಿಂದಿನದಕ್ಕೂ ಹೊಂದಾಣಿಕೆ ಬೇಕು. ಸಾಮಾನ್ಯವಾಗಿ ಯಾವ ಕಡೆ ಹೆಚ್ಚು ಬಿಗಿಯೋ ಆ ಕಡೆಯ ಹಿಡಿತ ತಿರುವಿನಲ್ಲಿ ಕಡಿಮೆ. ಮುಂದೆ ಅತಿಯಾದರೆ ಕಾರು ತಿರುಗದೆ ನೇರ ಹೋಗುತ್ತದೆ. ಹಿಂದೆ ಅತಿಯಾದರೆ ಬಾಲ ಜಾರುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸಿ, ಫಲವನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು.

ನಮ್ಮ ಸೀಮೆಯ ನೆಲವೂ ಒಂದೇ ಬಗೆಯದಲ್ಲ. ಮಾಲೂರಿನ ಕಡೆ, ಹೆಂಚು ಇಟ್ಟಿಗೆಗಳಿಗೆ ಒದಗುವ ಜೇಡಿಮಣ್ಣು ಸಮವಾಗಿ ಒಣಗಿದ ಕಡೆ, ತುಸು ಗಟ್ಟಿ ಸ್ಪ್ರಿಂಗು ಒಪ್ಪೀತು. ಮುಳಬಾಗಿಲಿನ ಬೆಟ್ಟದ ಮಗ್ಗುಲ ಗರಸು ನೆಲಕ್ಕೆ ಮೆದುವೇ ಬೇಕು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಉತ್ತ ಸಾಲುಗಳ ಮೇಲೆ ಓಡಿಸುವುದಾದರೆ ಮೆದು ಸ್ಪ್ರಿಂಗಿನ ಜೊತೆಗೆ ಕಾರಿನ ಹೊಟ್ಟೆಯೂ ಎತ್ತರವಿರಬೇಕು. ಒಂದೇ ಸ್ಪ್ರಿಂಗಿನಿಂದ ನಾಲ್ಕು ತಾಲ್ಲೂಕನ್ನೂ ಗೆಲ್ಲುವೆನೆಂಬುದು ಆಗದ ಮಾತು.

ಮುರಿದ ತೋಳಿನ ಬೆಲೆಯನ್ನು ನಾನೇ ಕೊಟ್ಟೆ. ಹುಡುಗ ಬೇಡವೆಂದ, ಇದು ಗುರುವಿನ ತಪ್ಪುಕಾಣಿಕೆ ಎಂದು ಒಪ್ಪಿಸಿದೆ. ಆಮೇಲೆ ಅವನ ಮನೆಯ ಜಗಲಿಯ ಮೇಲೆ ಕುಳಿತು ಮೂರು ಸ್ಪ್ರಿಂಗುಗಳನ್ನೂ ಇಬ್ಬರೂ ಅಳೆದೆವು. ಕೊನೆಗೆ ಅವನು ಆರಿಸಿದ್ದು ನಡುವಣದನ್ನು. ಮೂರರಲ್ಲಿ ಅತಿ ಮೆದುವಾದದ್ದು ಹಾಕಿದಾಗ ಹೊಟ್ಟೆ ಬಡಿಯುತ್ತಿತ್ತು. ಮುಂದಿನ ಭಾನುವಾರ ಅವನ ಕಾರು ಗೆಲ್ಲಲಿಲ್ಲ, ಆದರೆ ಒಮ್ಮೆಯೂ ಮಗುಚದೆ ಎಲ್ಲ ಸುತ್ತುಗಳನ್ನೂ ಮುಗಿಸಿತು.

ಮನೆಯ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಮಕ್ಕಳು ತಮಗೆ ತಿಳಿಯದ್ದನ್ನು ಕೇಳಿದಾಗ, ನನ್ನಂತೆ ಗಟ್ಟಿ ದನಿಯಲ್ಲಿ ಉತ್ತರ ಹೇಳಿಬಿಡಬೇಡಿ. “ಬಾರಪ್ಪ, ಅಳೆದು ನೋಡೋಣ” ಎನ್ನಿ. ಮುದ್ದೆಯ ಹದ ತಿಳಿದ ನಮ್ಮ ನಾಡಿನವರಿಗೆ ಸ್ಪ್ರಿಂಗಿನ ಹದ ತಿಳಿಯದ್ದೇನಲ್ಲ.