ನಲವತ್ತೊಂಬತ್ತಕ್ಕೆ ಗಂಟುಮೂಟೆ

ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನೋಕೆ ಹೋದವರು ವಾಪಸ್ ಬರೋಷ್ಟರಲ್ಲಿ ನಮ್ಮ ಆರ್‌ಸಿಬಿ ಕಥೆ ಮುಗಿದಿತ್ತು. 2017ರ ಏಪ್ರಿಲ್ 23, ಈಡನ್ ಗಾರ್ಡನ್ಸ್. ಗುರಿ 132. ಓವರಿಗೆ ಏಳು ರನ್ನೂ ಬೇಡ ಸ್ವಾಮಿ! ಕೊಹ್ಲಿ ಮೊದಲ ಎಸೆತಕ್ಕೇ ಔಟ್. ಇರಲಿ, ಅದು ಯಾರಿಗಾದರೂ ಆಗುತ್ತೆ. ಹಿಂದೆ ಬಂದವರಿಗೇನಾಗಿತ್ತು? ಒಬ್ಬನಾದರೂ ನಿಂತು, ಚೆಂಡು ನೋಡಿ ಆಡಬೇಕಿತ್ತಲ್ವಾ? ಹತ್ತಕ್ಕೆ ಹತ್ತು ವಿಕೆಟೂ ವೇಗಿಗಳ ಪಾಲು. 9.4 ಓವರಿಗೆ 49 ಆಲ್‌ಔಟ್. ಕೇದಾರ್ ಜಾಧವ್ ಹೊಡೆದ 9 ರನ್ನೇ ದೊಡ್ಡದು! 2013ರಲ್ಲಿ ಇದೇ ತಾರೀಖು 263 ಬಾರಿಸಿದ್ದ ತಂಡ ಇದು.

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನವರು ದುಡಿಯೋಕೆ ಬೆಳಗಾಗೋ ಮುಂಚೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ಹತ್ತುತ್ತಾರೆ. ಆ ಭಾನುವಾರ ರಾತ್ರಿ ಅವರು ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ದು ಇದಕ್ಕಾ?