ಎಂಜಿನ್ನಿನ ಗಾತ್ರ ಮತ್ತು ಬೆಳಗಾವಿಯ ಎರಕ



ಕಾರಿನ ಎಂಜಿನ್ ಚಿಕ್ಕದಾದರೆ ಇಂಧನ ಉಳಿಯುತ್ತದೆ ಎಂಬುದನ್ನು ಶೋರೂಮಿನವರಿಂದ ಹಿಡಿದು ತೆರಿಗೆಯ ನಿಯಮ ಬರೆಯುವವರ ತನಕ ಎಲ್ಲರೂ ಒಪ್ಪಿಕೊಂಡಿದ್ದಾರಾದರೂ, ಅದು ಯಾವ ರಸ್ತೆಯಲ್ಲಿ, ಎಷ್ಟು ಹೊರೆಯಲ್ಲಿ, ಯಾವ ಲೋಹದ ಬಲದಿಂದ ನಿಜವಾಗುತ್ತದೆ ಎಂಬ ವಿಚಾರ ಅಷ್ಟಾಗಿ ನಡೆದಿಲ್ಲ. ಫೌಂಡ್ರಿಗಳಿಗೂ ಕ್ರ್ಯಾಂಕ್‌ಶಾಫ್ಟ್ ತಯಾರಿಕೆಗೂ ಹೆಸರಾದ ಬೆಳಗಾವಿಯಲ್ಲಿ ಸೇರಿರುವ ಈ ಸಮ್ಮೇಳನಕ್ಕೆ ಆ ವಿಚಾರ ಹೊರಗಿನದಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ತೆರಳಿದರು. ಆ ಮನೆತನದ ಹೆಸರನ್ನು ಹೊತ್ತ ಟೊಯೋಟಾ ಕಿರ್ಲೋಸ್ಕರ್ ಕಾರಿನ ಕಾರ್ಖಾನೆ ಇಂದು ಬಿಡದಿಯಲ್ಲಿದ್ದು, ಈ ಚರ್ಚೆಯಲ್ಲಿ ಅದು ಎರಡು ಸಲ ಎದುರಾಗುತ್ತದೆ.

ಚಿಕ್ಕ ಎಂಜಿನ್ನಿನ ಲಾಭಕ್ಕೆ ಮೂಲ ಕಾರಣ ಸರಳವಾದದ್ದು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಸಾಧಾರಣ ಕಾರಿಗೆ 10 ಕಿಲೋವಾಟ್‌ಗಿಂತ ಕಡಿಮೆ ಶಕ್ತಿ ಸಾಕಾಗುತ್ತದೆ, ಅದರೊಳಗಿನ 1.5 ಲೀಟರ್ ಎಂಜಿನ್ ಮಾತ್ರ 80 ಕಿಲೋವಾಟ್‌ನಷ್ಟು ಕೊಡಬಲ್ಲದಾಗಿರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಪ್ರಮಾಣ ಹೆಚ್ಚು ಬದಲಾಗುವಂತಿಲ್ಲವಾದ್ದರಿಂದ, ಶಕ್ತಿ ಕಡಿಮೆ ಬೇಕಾದಾಗ ಗಾಳಿಯ ದಾರಿಯನ್ನೇ ಥ್ರಾಟಲ್ ಎಂಬ ಬಾಗಿಲಿನಿಂದ ಕಿರಿದುಮಾಡಬೇಕಾಗುತ್ತದೆ. ಆ ಕಿರಿದಾದ ಸಂದಿನಿಂದ ಗಾಳಿ ಎಳೆಯಲು ಪಿಸ್ಟನ್ ತಿಣುಕುವಾಗ ವ್ಯರ್ಥವಾಗುವ ಶಕ್ತಿಯನ್ನು ಪಂಪಿಂಗ್ ನಷ್ಟ ಎನ್ನುತ್ತಾರೆ. ಎಂಜಿನ್ ಚಿಕ್ಕದಾದರೆ ಅಷ್ಟೇ ಕೆಲಸಕ್ಕೆ ಥ್ರಾಟಲ್ ಹೆಚ್ಚು ತೆರೆಯುತ್ತದೆ, ನಾಲ್ಕು ಸಿಲಿಂಡರಿನ ಜಾಗದಲ್ಲಿ ಮೂರಾದರೆ ಉಜ್ಜಾಟವೂ ತಗ್ಗುತ್ತದೆ. ಓವರ್‌ಟೇಕ್ ಮಾಡುವಾಗ ಬೇಕಾಗುವ ಹೆಚ್ಚಿನ ಬಲವನ್ನು ಟರ್ಬೊಚಾರ್ಜರ್ ಒದಗಿಸುತ್ತದೆ. ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬುವ ಈ ಉಪಕರಣದ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಮೂರು ಸಿಲಿಂಡರಿನ, 999 ಸಿಸಿಯ ಫೋರ್ಡ್ ಇಕೋಬೂಸ್ಟ್ ಎಂಜಿನ್ 1.6 ಲೀಟರ್ ಎಂಜಿನ್ನಿನ ಸ್ಥಾನವನ್ನು ತುಂಬಬಲ್ಲದ್ದಾಗಿ, 2013ರಲ್ಲಿ ಇಕೋಸ್ಪೋರ್ಟ್ ಕಾರಿನೊಡನೆ ಭಾರತಕ್ಕೂ ಬಂದಿತು.

ಈ ಲಾಭವೆಲ್ಲ ಎಂಜಿನ್ ಹಗುರವಾಗಿ ದುಡಿಯುವಾಗಿನದು ಎಂಬುದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಐದು ಜನ ಮತ್ತು ಅವರ ಸಾಮಾನನ್ನು ಹೊತ್ತು ಗೋವೆಯ ಕಡೆಯಿಂದ ಚೋರ್ಲಾ ಘಾಟ್ ಹತ್ತಿ ಕಣಕುಂಬಿ, ಜಾಂಬೋಟಿಯ ಮೇಲೆ ಬೆಳಗಾವಿಗೆ ಬರುವ, ಅಥವಾ ಅನಮೋಡ ಘಾಟ್ ಏರಿ ಖಾನಾಪುರದ ದಾರಿ ಹಿಡಿಯುವ ಒಂದು ಲೀಟರ್ ಟರ್ಬೊ ಕಾರು ಬಹುಪಾಲು ಹೊತ್ತು ಒತ್ತಿದ ಗಾಳಿಯಲ್ಲೇ ದುಡಿಯುತ್ತದೆ. ಆಗ ಸಿಲಿಂಡರಿನ ಒಳಗಿನ ಒತ್ತಡವೂ ಬಿಸಿಯೂ ಏರಿ, ಇಂಧನ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುವ ನಾಕಿಂಗ್‌ನ ಭಯ ಹುಟ್ಟುತ್ತದೆ. ಅದನ್ನು ತಡೆಯಲು ಕಂಪ್ಯೂಟರ್ ಕಿಡಿಯನ್ನು ತಡಮಾಡಿಸುತ್ತದೆ, ಹೊಗೆಯ ಬಿಸಿ ಮಿತಿಮೀರಿದರೆ ತಂಪಿಗಾಗಿಯೇ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಪ್ರಯೋಗಶಾಲೆಯ ಉರುಳೆಗಳ ಮೇಲೆ ಕಂಡ ಮೈಲೇಜ್ ಘಟ್ಟದಲ್ಲಿ ಕಾಣದಿರುವುದಕ್ಕೆ ಚಾಲಕನ ಕಾಲನ್ನು ಮಾತ್ರ ದೂರುವುದು ನ್ಯಾಯವಲ್ಲ. ಯುರೋಪಿನಲ್ಲಿ 2017ರಿಂದ, ಭಾರತದಲ್ಲಿ ಬಿಎಸ್-6ರ ಎರಡನೆಯ ಹಂತವಾಗಿ 2023ರ ಏಪ್ರಿಲ್‌ನಿಂದ, ನಿಜವಾದ ರಸ್ತೆಯ ಮೇಲೆಯೇ ಹೊಗೆಯನ್ನು ಅಳೆಯುವ ಕ್ರಮ ಬಂದಿದೆ. ಫೋಕ್ಸ್‌ವ್ಯಾಗನ್ ತನ್ನ 1.4 ಲೀಟರ್ ಟರ್ಬೊ ಎಂಜಿನ್ನಿನ ಜಾಗಕ್ಕೆ 1.5 ಲೀಟರಿನದನ್ನು ತಂದು, ಹೊರೆ ಕಡಿಮೆಯಿದ್ದಾಗ ಅದರ ಎರಡು ಸಿಲಿಂಡರುಗಳನ್ನು ಮಲಗಿಸುವ ಉಪಾಯ ಮಾಡಿದ್ದನ್ನು ಗಮನಿಸಿದರೆ, ಕುಗ್ಗಿಸುವ ಹಠ ತಯಾರಕರಲ್ಲೇ ಸಡಿಲವಾಗುತ್ತಿರುವುದು ಗೊತ್ತಾಗುತ್ತದೆ.

ಬೆಳಗಾವಿಗೆ ಹತ್ತಿರದ ಮಾತು ಲೋಹದ್ದು. ಎಂಜಿನ್ ಚಿಕ್ಕದಾದರೆ ಎರಕದ ಕೆಲಸ ಕಡಿಮೆಯಾಗುತ್ತದೆ ಎಂಬ ಆತಂಕ ಉದ್ಯಮಬಾಗ ಮತ್ತು ಮಚ್ಛೆಯ ಕಾರ್ಖಾನೆಗಳಿಗೆ ಬರುವುದು ಸಹಜ. ತೂಕಕ್ಕೆ ತಕ್ಕ ದರದ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಆದರೆ ಗಾತ್ರ ಇಳಿದಂತೆ ಪ್ರತಿ ಸಿಲಿಂಡರಿನ ಮೇಲಿನ ಒತ್ತಡ ಏರುವುದರಿಂದ, ಎರಕದ ಗೋಡೆ ತೆಳುವಾಗಿಯೂ ಇರಬೇಕು, ಮೊದಲಿಗಿಂತ ಗಟ್ಟಿಯಾಗಿಯೂ ಇರಬೇಕು ಎಂಬ ಎರಡು ಬೇಡಿಕೆಗಳು ಒಟ್ಟಿಗೇ ಬರುತ್ತವೆ. ಅಲ್ಯೂಮಿನಿಯಂ ಬಂದು ಬೀಡುಕಬ್ಬಿಣದ ಕಾಲ ಮುಗಿಯಿತು ಎನ್ನುವವರು, ಮೇಲೆ ಹೇಳಿದ ಒಂದು ಲೀಟರ್ ಇಕೋಬೂಸ್ಟ್‌ನ ಬ್ಲಾಕ್ ಬೀಡುಕಬ್ಬಿಣದ್ದೇ ಎಂಬುದನ್ನು ನೆನೆಯಬೇಕು. ಅದು ಬೇಗ ಬಿಸಿಯಾಗಿ ತಣ್ಣನೆಯ ಎಂಜಿನ್ ನುಂಗುವ ಇಂಧನವನ್ನು ಉಳಿಸುತ್ತದೆ ಎಂಬುದೂ ಆ ಆಯ್ಕೆಗೆ ಒಂದು ಕಾರಣವಾಗಿತ್ತು. ಸಣ್ಣ ಟರ್ಬೊದ ಚಕ್ರ ನಿಮಿಷಕ್ಕೆ ಎರಡು ಲಕ್ಷಕ್ಕೂ ಮೀರಿ ಸುತ್ತುತ್ತದೆ, ಅದರ ಕವಚವನ್ನು ಹಾಯುವ ಹೊಗೆ 950 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಸಾಮಾನ್ಯ ಬೀಡು ಅಲ್ಲಿ ಬಾಳದೆ, ಸಿಲಿಕಾನ್ ಮತ್ತು ಮಾಲಿಬ್ಡಿನಂ ಸೇರಿದ ಗೋಳ ಗ್ರಾಫೈಟ್ ಕಬ್ಬಿಣ, ಅದಕ್ಕೂ ಮೇಲೆ ಹೆಚ್ಚು ನಿಕ್ಕಲ್ ಇರುವ ಕಬ್ಬಿಣ ಅಥವಾ ಶಾಖ ತಾಳುವ ಉಕ್ಕು ಬೇಕಾಗುತ್ತದೆ. ಕ್ರ್ಯಾಂಕ್‌ಶಾಫ್ಟಿನ ಕಥೆಯೂ ಹೀಗೆಯೇ. ಮೂರು ಸಿಲಿಂಡರಿನ ಕ್ರ್ಯಾಂಕ್ ಗಿಡ್ಡ, ಹಗುರ; ಆದರೆ 180 ಡಿಗ್ರಿಗೊಮ್ಮೆ ಬರುತ್ತಿದ್ದ ಹೊಡೆತ 240 ಡಿಗ್ರಿಗೊಮ್ಮೆ, ಅದೂ ಹೆಚ್ಚು ಬಲವಾಗಿ ಬರುತ್ತದೆ, ಎಂಜಿನ್ ಒಂದು ತುದಿಯಿಂದ ಇನ್ನೊಂದಕ್ಕೆ ತೂಗಾಡುವ ಗುಣವನ್ನೂ ಪಡೆಯುತ್ತದೆ. ಅದನ್ನು ತಡೆಯಲು ಸಮತೋಲನದ ಶಾಫ್ಟನ್ನೋ ಫ್ಲೈವೀಲ್ ಮತ್ತು ಪುಲ್ಲಿಯಲ್ಲಿ ಅಳೆದು ಇಟ್ಟ ತೂಕವನ್ನೋ ನೆಚ್ಚಬೇಕಾದಾಗ, ಮೆಷಿನಿಂಗ್‌ನಲ್ಲಿ ಬಿಟ್ಟ ಕೂದಲೆಳೆಯ ತಪ್ಪು ಸ್ಟೇರಿಂಗ್ ಹಿಡಿದವನ ಅಂಗೈಗೆ ತಿಳಿಯುತ್ತದೆ. ಬೆಳಗಾವಿಯ ಉದ್ಯಮ ಕಿಲೋದ ದರದಿಂದ ಕೌಶಲದ ದರಕ್ಕೆ ಏರಬೇಕೆಂಬ ಅಧ್ಯಕ್ಷ ಪೀಠದ ಅಭಿಪ್ರಾಯಕ್ಕೆ ಇದೇ ಆಧಾರ.

ಸರಕಾರ ಮಾತ್ರ ಇನ್ನೂ ಸಿಸಿಯನ್ನೇ ಅಳತೆಗೋಲು ಮಾಡಿಕೊಂಡಿದೆ. 2006ರ ಕೇಂದ್ರ ಬಜೆಟ್ 4 ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಮತ್ತು 1500 ಸಿಸಿ ಮೀರದ ಡೀಸೆಲ್ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿತು, 1197, 1199 ಎಂಬ ಅಂಕಿಗಳು ಈ ದೇಶದ ಎಂಜಿನ್ನುಗಳಲ್ಲಿ ತುಂಬಿಕೊಂಡದ್ದು ಶಾಖಶಾಸ್ತ್ರದ ಆಜ್ಞೆಯಿಂದಲ್ಲ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದಲ್ಲಿ 2000 ಸಿಸಿ ಮತ್ತು ಅದಕ್ಕೂ ಮೇಲಿನ ಡೀಸೆಲ್ ಕಾರುಗಳ ನೋಂದಣಿಯನ್ನು ನಿಲ್ಲಿಸಿದಾಗ, ಬಿಡದಿಯ 2494 ಸಿಸಿಯ ಇನೋವಾಕ್ಕೆ ಅಲ್ಲಿನ ಮಾರುಕಟ್ಟೆ ಮುಚ್ಚಿತು. ಮಹೀಂದ್ರಾ ಕಂಪನಿ ತನ್ನ 2.2 ಲೀಟರ್ ಎಂಜಿನ್ನನ್ನು 1.99 ಲೀಟರಿಗೆ ಇಳಿಸಿ ಮಾರತೊಡಗಿತು. ಹತ್ತರಲ್ಲೊಂದು ಪಾಲು ಗಾತ್ರ ಇಳಿದುದರಿಂದ ದೆಹಲಿಯ ಗಾಳಿಗೆ ಏನು ಸಿಕ್ಕಿತೆಂಬ ಪ್ರಶ್ನೆ ಹಾಗೇ ಉಳಿಯಿತು, ನಿಷೇಧವೂ 2016ರ ಆಗಸ್ಟ್‌ನಲ್ಲಿ ಶೇ. 1ರ ಶುಲ್ಕದೊಡನೆ ತೆರವಾಯಿತು.

ಅದೇ ಬಿಡದಿಯಲ್ಲಿ ಈಗ ತಯಾರಾಗುವ ಹೈರೈಡರ್ ಹೈಬ್ರಿಡ್ ಬೇರೆ ದಾರಿ ತೋರಿಸುತ್ತದೆ. ಅದರ 1490 ಸಿಸಿ ಎಂಜಿನ್ನಿಗೆ ಟರ್ಬೊ ಇಲ್ಲ. ಗಾಳಿಯನ್ನು ಒತ್ತುವುದಕ್ಕಿಂತ ಉರಿದ ಅನಿಲವನ್ನು ಹೆಚ್ಚು ಹಿಗ್ಗಿಸಿ ಕೆಲಸ ಪಡೆಯುವ ಅಟ್ಕಿನ್ಸನ್ ಕ್ರಮದಲ್ಲಿ ಅದು ನಡೆಯುತ್ತದೆ, ಆ ಕ್ರಮದಿಂದ ಕುಂದುವ ಬಲವನ್ನು ವಿದ್ಯುತ್ ಮೋಟಾರು ತುಂಬಿಕೊಡುತ್ತದೆ. ಅಧಿಕೃತ ಪರೀಕ್ಷೆಯಲ್ಲಿ ಲೀಟರಿಗೆ 27.97 ಕಿ.ಮೀ. ತೋರಿಸಿದ ಈ ಕಾರು 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಶೇ. 40ರ ಸಾಲಿಗೆ ಸೇರಿದರೆ, ಅದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುವ ಗಿಡ್ಡ ಕಾರು ಶೇ. 18ರ ಸಾಲಿನಲ್ಲಿ ನಿಲ್ಲುತ್ತದೆ. ಸಿಸಿಯ ಬದಲು ಪ್ರತಿ ಕಿಲೋಮೀಟರಿಗೆ ಹೊಮ್ಮುವ ಇಂಗಾಲದ ಮೇಲೆ ತೆರಿಗೆ ಹಾಕಬೇಕೆಂದು ಈ ಸಮ್ಮೇಳನ ನಿರ್ಣಯ ಮಾಡುವುದು ಯೋಗ್ಯ.

ಇನ್ನು ಕಬ್ಬಿನ ಸೀಮೆಯ ಮಾತು. ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಪೆಟ್ರೋಲಿಗೆ ಶೇ. 20ರಷ್ಟು ಬೆರೆತಿರುವ ಈ ಕಾಲದಲ್ಲಿ ಮೈಲೇಜ್ ಇಳಿಯಿತೆಂಬ ದೂರು ಕೇಳುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದ್ದರಿಂದ ಆ ದೂರಿಗೆ ಆಧಾರವಿದೆ. ಆದರೆ ಎಥೆನಾಲ್ ನಾಕಿಂಗ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಆವಿಯಾಗುವಾಗ ಸಿಲಿಂಡರನ್ನು ತಂಪುಮಾಡುತ್ತದೆ; ಚಿಕ್ಕ ಟರ್ಬೊ ಎಂಜಿನ್ನಿಗೆ ಘಟ್ಟದಲ್ಲಿ ಬೇಕಾದ ಗುಣಗಳು ಇವೇ. ಕಂಪ್ರೆಶನ್ ಏರಿಸಿ, ಕಿಡಿಯ ಹೊತ್ತನ್ನು ಹೊಂದಿಸಿದರೆ ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ಮರಳಿ ಪಡೆಯಬಹುದು, ಹಳೆಯ ಎಂಜಿನ್ನಿಗೆ ಬೆರಕೆ ಇಂಧನ ಸುರಿದ ಮಾತ್ರಕ್ಕೆ ಅದು ಆಗದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯೂ ಒಂದೇ ಊರಿನಲ್ಲಿರುವಾಗ, ಟರ್ಬೊ ಇರುವ ಮತ್ತು ಇಲ್ಲದ ಕಾರುಗಳನ್ನು ಬೇರೆಬೇರೆ ಪ್ರಮಾಣದ ಎಥೆನಾಲಿನೊಡನೆ ಧಾರವಾಡದ ಸಮತಟ್ಟು ಹೆದ್ದಾರಿಯಲ್ಲೂ ಚೋರ್ಲಾ ಏರಿನಲ್ಲೂ ಓಡಿಸಿ ಅಳೆಯುವ ಜಂಟಿ ಪರೀಕ್ಷೆಯನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಆರಂಭಿಸಬೇಕೆಂದು ಅಧ್ಯಕ್ಷ ಪೀಠ ಸೂಚಿಸುತ್ತದೆ. ಅದರ ಕರಡು ಯೋಜನೆಯನ್ನು ಮಧ್ಯಾಹ್ನದ ಗೋಷ್ಠಿ ಕೈಗೆತ್ತಿಕೊಳ್ಳಲಿ.